ಎಡಗಡೆ ಗಳಿಸಿದ್ದು, ಬಲಗಡೆ ಬಿಟ್ಟುಕೊಟ್ಟಿದ್ದು

ಅಮೆರಿಕನ್ ಫುಟ್‌ಬಾಲ್ ಬಗ್ಗೆ ಏನಾದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ 2024ರ ಸೀಸನ್ನಿನ ಅಂಕಿಗಳ ಬಗ್ಗೆ ಇದ್ದವು. ತುಂಬಾ ಖುಷಿಯಾಯಿತು. ನಾನು ಸಿನ್ಸಿನಾಟಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಮೊದಲ ವರ್ಷ ಆಟದ ತಲೆಬುಡ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಒಂದು ಗೆರೆ ಹಾಕಿದ ನೋಟ್‌ಬುಕ್ ತಂದುಕೊಂಡೆ. ಪುಟದ ನಡುವೆ ಉದ್ದಕ್ಕೆ ಒಂದು ಗೀಟು. ಎಡಗಡೆ ತಂಡ ಗಳಿಸಿದ್ದು, ಬಲಗಡೆ ಎದುರಾಳಿಗೆ ಬಿಟ್ಟುಕೊಟ್ಟಿದ್ದು. ಇವತ್ತಿಗೂ ಹಾಗೇ ಬರೆಯುತ್ತೇನೆ. ಈ ಸಲದ ಉತ್ತರಗಳನ್ನೆಲ್ಲ ಆ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಪ್ರಶ್ನೆ: ಅತಿ ಹೆಚ್ಚು ಪಾಸಿಂಗ್ ಯಾರ್ಡ್ ಗಳಿಸಿದ ಕ್ವಾರ್ಟರ್‌ಬ್ಯಾಕ್, ಅತಿ ಹೆಚ್ಚು ಕ್ಯಾಚ್ ಹಿಡಿದ ರಿಸೀವರ್, ಅತಿ ಹೆಚ್ಚು ಸ್ಯಾಕ್ ಮಾಡಿದ ಡಿಫೆಂಡರ್, ಮೂವರೂ ಒಂದೇ ತಂಡದಲ್ಲಿದ್ದರಂತೆ. ಆದರೂ ಆ ತಂಡ ಪ್ಲೇಆಫ್‌ಗೆ, ಅಂದರೆ ಸೀಸನ್ ಕೊನೆಯ ನಾಕ್‌ಔಟ್ ಆಟಗಳಿಗೆ, ಹೋಗಲಿಲ್ಲವಂತೆ. ಇದು ನಿಜವೇ?

ಉತ್ತರ: ನಿಜ. ಅದು ನನ್ನ ತಂಡವೇ, ಸಿನ್ಸಿನಾಟಿ ಬೆಂಗಾಲ್ಸ್. ಈ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಎಡಗಡೆ ನೋಡೋಣ. ಪಾಸ್ ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜೋ ಬರೋ 4,918 ಯಾರ್ಡ್ ಎಸೆದ, 43 ಟಚ್‌ಡೌನ್ ಕೊಟ್ಟ. ಟಚ್‌ಡೌನ್ ಅಂದರೆ ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿ ಆರು ಪಾಯಿಂಟ್ ಗಳಿಸುವುದು. ಎರಡರಲ್ಲೂ ಇಡೀ ಲೀಗಿಗೆ ಅವನೇ ಮೊದಲಿಗ. ರಿಸೀವರ್ ಜಮಾರ್ ಚೇಸ್ 127 ಕ್ಯಾಚ್ ಹಿಡಿದ, 1,708 ಯಾರ್ಡ್ ಮಾಡಿದ, 17 ಟಚ್‌ಡೌನ್ ಹೊಡೆದ. ಕ್ಯಾಚ್, ಯಾರ್ಡ್, ಟಚ್‌ಡೌನ್ ಮೂರರಲ್ಲೂ ಒಬ್ಬನೇ ಮೊದಲು ಬಂದರೆ ಅದನ್ನು ಟ್ರಿಪಲ್ ಕ್ರೌನ್ ಅನ್ನುತ್ತಾರೆ. ಲೀಗಿನ ಫೈನಲ್ ಆದ ಸೂಪರ್ ಬೌಲ್ ಶುರುವಾದ ಮೇಲೆ ಇದನ್ನು ಮಾಡಿದವರು ಐದೇ ಜನ. 1990ರಲ್ಲಿ ಜೆರ್ರಿ ರೈಸ್, 1992ರಲ್ಲಿ ಸ್ಟರ್ಲಿಂಗ್ ಶಾರ್ಪ್, 2005ರಲ್ಲಿ ಸ್ಟೀವ್ ಸ್ಮಿತ್, 2021ರಲ್ಲಿ ಕೂಪರ್ ಕಪ್, ಈಗ ಚೇಸ್. ಇನ್ನು ಡಿಫೆನ್ಸ್‌ನಲ್ಲಿ ಟ್ರೇ ಹೆಂಡ್ರಿಕ್ಸನ್. 17.5 ಸ್ಯಾಕ್. ಸ್ಯಾಕ್ ಅಂದರೆ ಎದುರಾಳಿ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಹಿಡಿದು ಕೆಡವುವುದು. ಅದರಲ್ಲೂ ಲೀಗಿಗೇ ಮೊದಲು.

ಈಗ ಬಲಗಡೆ. ಹದಿನೇಳು ಆಟಗಳಲ್ಲಿ ಬೆಂಗಾಲ್ಸ್ 472 ಪಾಯಿಂಟ್ ಗಳಿಸಿ 434 ಬಿಟ್ಟುಕೊಟ್ಟಿತು. ಆಟಕ್ಕೆ ಸರಾಸರಿ 25ಕ್ಕೂ ಜಾಸ್ತಿ. ಒಬ್ಬ ಹೆಂಡ್ರಿಕ್ಸನ್ ಎಷ್ಟು ಸಲ ಅಂತ ಓಡಿಬಂದು ಕೆಡವುತ್ತಾನೆ? ಉಳಿದ ಹತ್ತು ಜನ ತಡೆಯಬೇಕಲ್ವಾ?

ಕೆಲವು ಸೋಲುಗಳನ್ನು ನೋಡಿ. ವಾಷಿಂಗ್ಟನ್ ಕಮಾಂಡರ್ಸ್ ಎದುರು 33 ಪಾಯಿಂಟ್ ಹೊಡೆದು 38ಕ್ಕೆ ಸೋತರು. ಬಾಲ್ಟಿಮೋರ್ ರೇವನ್ಸ್ ಎದುರು 38 ಹೊಡೆದು 41ಕ್ಕೆ ಸೋತರು. ಅದೇ ರೇವನ್ಸ್ ಎದುರು ಇನ್ನೊಮ್ಮೆ 34 ಹೊಡೆದು 35ಕ್ಕೆ ಸೋತರು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಎದುರು 38 ಹೊಡೆದು 44ಕ್ಕೆ ಸೋತರು. ಬೇರೆ ತಂಡಗಳು ಇಪ್ಪತ್ತು ಚಿಲ್ಲರೆ ಪಾಯಿಂಟ್‌ಗೆ ಆಟ ಗೆದ್ದು ಮನೆಗೆ ಹೋಗುತ್ತವೆ. ಇವರು ಮೂವತ್ತರ ಮೇಲೆ ಹೊಡೆದೂ ನಾಲ್ಕು ಸಲ ಸೋತರು.

ಒಟ್ಟು ಎಂಟು ಸೋಲು. ಫಿಲಡೆಲ್ಫಿಯಾ ಈಗಲ್ಸ್ ಎದುರಿನ 37-17 ಒಂದು ಬಿಟ್ಟರೆ ಉಳಿದ ಏಳೂ ಒಂದು ಟಚ್‌ಡೌನ್ ಅಂತರದೊಳಗಿನ ಸೋಲು. ಆ ಏಳರ ಅಂತರವನ್ನು ಒಂದು ರಾತ್ರಿ ಕೂಡಿಸಿ ನೋಡಿದೆ. 6, 1, 5, 3, 1, 7, 6. ಒಟ್ಟು 29 ಪಾಯಿಂಟ್. ತಪ್ಪಿರಬಹುದು ಎಂದು ಮತ್ತೆ ಕೂಡಿಸಿದೆ. 29ನೇ. ಇಪ್ಪತ್ತೊಂಬತ್ತು ಪಾಯಿಂಟ್‌ನಲ್ಲಿ ಏಳು ಆಟ ಹೋಗಿದ್ದವು.

ಅಕ್ಟೋಬರ್ 6ರ ರೇವನ್ಸ್ ಆಟಕ್ಕೆ ನಾನು ಸ್ಟೇಡಿಯಂನಲ್ಲೇ ಇದ್ದೆ. ಮೇಲಿನ ಹಂತದ ಸೀಟು. ಅಲ್ಲಿಂದ ಆಟಗಾರರು ಬೆರಳುದ್ದ ಕಾಣುತ್ತಾರೆ, ಆದರೆ ಇಡೀ ಮೈದಾನ ನಕ್ಷೆಯ ಹಾಗೆ ತೆರೆದುಕೊಳ್ಳುತ್ತದೆ. ಯಾರು ಎತ್ತ ಓಡಿದರು, ಎಲ್ಲಿ ಜಾಗ ಬಿಟ್ಟರು ಎಲ್ಲ ಗೊತ್ತಾಗುತ್ತದೆ. ಕೊನೆಯ ಕ್ವಾರ್ಟರ್‌ನಲ್ಲಿ ನಾವು 38-28 ಮುಂದಿದ್ದೆವು. ಸುತ್ತ ಎಲ್ಲರೂ ‘ಹೂ ಡೇ’ ಎಂದು ಕೂಗುತ್ತಿದ್ದರು. ರೇವನ್ಸ್ ಸಮ ಮಾಡಿದರು. ಆಟ ಓವರ್‌ಟೈಮ್‌ಗೆ ಹೋಯಿತು. ಅಲ್ಲಿ ಚೆಂಡು ರೇವನ್ಸ್ ಕೈತಪ್ಪಿ ನಮಗೇ ಸಿಕ್ಕಿತು. 53 ಯಾರ್ಡ್ ಫೀಲ್ಡ್ ಗೋಲ್ ಒದ್ದರೆ, ಅಂದರೆ ಚೆಂಡನ್ನು ಎರಡು ಕಂಬಗಳ ನಡುವೆ ಒದ್ದು ಮೂರು ಪಾಯಿಂಟ್ ತಗೊಂಡರೆ, ಗೆಲುವು. ಚೆಂಡನ್ನು ನೆಲಕ್ಕೆ ಹಿಡಿಯುವಾಗ ಹಿಡಿತ ಸರಿಯಾಗಲಿಲ್ಲ, ಒದೆತ ಎಡಕ್ಕೆ ಹೋಯಿತು. ಮರುಕ್ಷಣದಲ್ಲೇ ರೇವನ್ಸ್‌ನ ಡೆರಿಕ್ ಹೆನ್ರಿ 51 ಯಾರ್ಡ್ ಓಡಿದ. ಅವನು ಓಡುತ್ತಿದ್ದ ಜಾಗ ಮೇಲಿಂದ ಎಷ್ಟು ಸ್ಪಷ್ಟವಾಗಿ ಕಂಡಿತು ಅಂದರೆ, ಅವನು ಅಲ್ಲಿಗೆ ಬರುವ ಮೊದಲೇ ನನ್ನ ಪಕ್ಕದವರು ತಲೆ ಮೇಲೆ ಕೈ ಇಟ್ಟುಕೊಂಡಿದ್ದರು. ಆಮೇಲೆ ಅವರ ಫೀಲ್ಡ್ ಗೋಲ್ ಒಳಗೆ ಹೋಯಿತು. 41-38. ಆವತ್ತು ಬರೋ 392 ಯಾರ್ಡ್, 5 ಟಚ್‌ಡೌನ್ ಎಸೆದಿದ್ದ.

ಒಂದು ತಿಂಗಳ ನಂತರ, ನವೆಂಬರ್ 7ರ ಗುರುವಾರ ರಾತ್ರಿ ಬಾಲ್ಟಿಮೋರ್‌ನಲ್ಲಿ ಮತ್ತೆ ಅದೇ ರೇವನ್ಸ್. ಈ ಸಲ ಮನೆಯಲ್ಲಿ ಟಿವಿ ಮುಂದೆ. ಮೂರನೇ ಕ್ವಾರ್ಟರ್‌ನಲ್ಲಿ 21-7 ಮುಂದೆ. ಚೇಸ್ ಆ ರಾತ್ರಿ 11 ಕ್ಯಾಚ್ ಹಿಡಿದು 264 ಯಾರ್ಡ್, 3 ಟಚ್‌ಡೌನ್ ಮಾಡಿದ. ಒಬ್ಬ ರಿಸೀವರ್ ಒಂದೇ ಆಟದಲ್ಲಿ ನೂರು ಯಾರ್ಡ್ ದಾಟಿದರೆ ಅದೇ ಒಳ್ಳೆಯ ಆಟ ಅನ್ನುತ್ತಾರೆ. ಇವನದು 264! ಮೂರನೆಯ ಟಚ್‌ಡೌನ್ ಬಂದಾಗ ಗಡಿಯಾರದಲ್ಲಿ ಉಳಿದಿದ್ದು 38 ಸೆಕೆಂಡ್. ಸ್ಕೋರು 35-34. ಒಂದು ಪಾಯಿಂಟಿನ ಕಿಕ್ ಒದ್ದರೆ ಸಮ. ಎರಡು ಪಾಯಿಂಟಿಗೆ ಆಡಿದರೆ ಗೆಲುವು ಅಥವಾ ಸೋಲು. ಕೋಚ್ ಝ್ಯಾಕ್ ಟೇಲರ್ ಎರಡಕ್ಕೇ ಹೋದರು. ಪಾಸ್ ಕೂಡಿಬರಲಿಲ್ಲ. ನಾನು ಆವತ್ತಿನ ಪುಟದಲ್ಲಿ ಎಡಗಡೆ 34 ಬರೆದೆ, ಬಲಗಡೆ 35 ಬರೆದೆ, ಪೆನ್ನು ಮುಚ್ಚಿಟ್ಟೆ.

ಆ ಎರಡು ರೇವನ್ಸ್ ಆಟಗಳನ್ನು ಸೇರಿಸಿದರೆ ಚೇಸ್‌ನದು 21 ಕ್ಯಾಚ್, 457 ಯಾರ್ಡ್, 5 ಟಚ್‌ಡೌನ್. ಎರಡೂ ಸೋಲು, ಎರಡೂ ಸೇರಿ ನಾಲ್ಕೇ ಪಾಯಿಂಟಿನ ಅಂತರ.

ಬೆಂಗಾಲ್ಸ್ ಕೊನೆಗೆ ಸತತ ಐದು ಆಟ ಗೆದ್ದು 4-8 (ನಾಲ್ಕು ಗೆಲುವು, ಎಂಟು ಸೋಲು) ಇದ್ದಿದ್ದನ್ನು 9-8 ಮಾಡಿದರು. ಆದರೂ ಬಾಗಿಲು ಅವರ ಕೈಯಲ್ಲಿರಲಿಲ್ಲ. ಕೊನೆಯ ವಾರ ತಾವು ಗೆಲ್ಲಬೇಕಿತ್ತು, ಮಯಾಮಿ ಡಾಲ್ಫಿನ್ಸ್ ಸೋಲಬೇಕಿತ್ತು, ಡೆನ್ವರ್ ಬ್ರಾಂಕೋಸ್ ಕೂಡ ಸೋಲಬೇಕಿತ್ತು. ಮೊದಲಿನ ಎರಡು ಆಯಿತು, ಮೂರನೆಯದು ಆಗಲಿಲ್ಲ. ಸೀಸನ್ ಮುಗಿದ ಮೇಲೆ ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಕೋಚ್ ಲೂ ಅನರೂಮೊ ಅವರನ್ನು ತಂಡ ಕೈಬಿಟ್ಟಿತು. ಬಲಗಡೆಯ ಲೆಕ್ಕ ತಂಡದವರೂ ನೋಡಿದ್ದರು.

ಪ್ರಶ್ನೆ: ಕಾನ್ಸಸ್ ಸಿಟಿ ಚೀಫ್ಸ್, ಡೆಟ್ರಾಯಿಟ್ ಲಯನ್ಸ್ ಎರಡೂ 15 ಗೆದ್ದು 2 ಸೋತವು. ಹಾಗಾದರೆ ಎರಡೂ ಸಮಬಲದ ತಂಡಗಳೇ?

ಉತ್ತರ: ಗೆಲುವಿನ ಪಟ್ಟಿಯಲ್ಲಿ ಸಮ. ಪಾಯಿಂಟಿನ ಪಟ್ಟಿಯಲ್ಲಿ ಅಜಗಜಾಂತರ.

ಲಯನ್ಸ್ 564 ಪಾಯಿಂಟ್ ಗಳಿಸಿ 342 ಕೊಟ್ಟರು. ಅಂತರ 222. ಚೀಫ್ಸ್ 385 ಗಳಿಸಿ 326 ಕೊಟ್ಟರು. ಅಂತರ ಬರೀ 59. ಹದಿನೈದು ಆಟ ಗೆದ್ದ ತಂಡಕ್ಕೆ ಇದು ನಂಬಲಾಗದಷ್ಟು ಕಡಿಮೆ.

ಈಗ ಹಿಂದಿನ ಉತ್ತರಕ್ಕೆ ಹೋಗಿ. ಬೆಂಗಾಲ್ಸ್ 472 ಗಳಿಸಿ 434 ಕೊಟ್ಟಿದ್ದರು. ಅಂತರ 38. ಅಂದರೆ 15-2 ಆದ ಚೀಫ್ಸ್‌ಗೂ 9-8 ಆದ ಬೆಂಗಾಲ್ಸ್‌ಗೂ ಇಡೀ ಸೀಸನ್ನಿನಲ್ಲಿ ಇದ್ದ ವ್ಯತ್ಯಾಸ 21 ಪಾಯಿಂಟ್. ಮೂರು ಟಚ್‌ಡೌನ್! 2024ರ ಸೀಸನ್ನಿನಲ್ಲಿ ನನ್ನನ್ನು ತುಂಬಾ ದಿನ ಕಾಡಿದ ಅಂಕಿ ಯಾವುದು ಅಂದರೆ ಇದೇ. ಬರೋನ 4,918 ಅಲ್ಲ, ಚೇಸ್‌ನ 127 ಅಲ್ಲ.

ಚೀಫ್ಸ್‌ನ 15 ಗೆಲುವಿನಲ್ಲಿ 11 ಗೆಲುವು 8 ಪಾಯಿಂಟ್ ಒಳಗಿನವು. ಅಷ್ಟು ಹತ್ತಿರದ ಆಟದಲ್ಲಿ ರೆಗ್ಯುಲರ್ ಸೀಸನ್ ಪೂರ್ತಿ ಒಂದೂ ಸೋಲಲಿಲ್ಲ. ಒಂದೊಂದು ಆಟವೂ ಕೂದಲೆಳೆಯಲ್ಲಿ ಉಳಿದಿದ್ದು. ಮೊದಲ ರಾತ್ರಿಯೇ ರೇವನ್ಸ್‌ನ ಐಸೇಯಾ ಲೈಕ್ಲಿ ಕೊನೆಯ ಕ್ಷಣದಲ್ಲಿ ಟಚ್‌ಡೌನ್ ಹಿಡಿದ. ರಿಪ್ಲೇ ನೋಡಿದರೆ ಕಾಲಿನ ತುದಿ ಗೆರೆ ತುಳಿದಿತ್ತು. ನವೆಂಬರ್ 10ರಂದು ಬ್ರಾಂಕೋಸ್ 35 ಯಾರ್ಡ್ ಕಿಕ್ ಒದ್ದರೆ ಗೆಲ್ಲುತ್ತಿದ್ದರು. ಲಿಯೋ ಶೆನಾಲ್ ಕೈ ಚಾಚಿ ತಡೆದ. 16-14. ನವೆಂಬರ್ 29ರಂದು ಲಾಸ್ ವೇಗಸ್ ರೇಡರ್ಸ್ ಗೆಲ್ಲುವ ಕಿಕ್‌ಗೆ ಹತ್ತಿರ ಬಂದು, ಚೆಂಡು ಹಿಂದಕ್ಕೆ ಕೊಡುವಾಗಲೇ ಕೈಬಿಟ್ಟರು. 19-17. ಡಿಸೆಂಬರ್ 8ರಂದು ಲಾಸ್ ಏಂಜಲೀಸ್ ಚಾರ್ಜರ್ಸ್ ಎದುರು ಸಮಯ ಮುಗಿಯುವಾಗ ಒದ್ದ ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಯಿತು. ಮತ್ತೆ 19-17. ಸೆಪ್ಟೆಂಬರ್ 15ರಂದು ನಮ್ಮ ಬೆಂಗಾಲ್ಸ್‌ನೇ ಕೊನೆಯ ಒದೆತದಲ್ಲಿ 26-25ಕ್ಕೆ ಸೋಲಿಸಿದ್ದರು. ಒಂದು ಪಾಯಿಂಟ್.

ಇದನ್ನು ಬರೀ ಅದೃಷ್ಟ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾಲಿನ ತುದಿ ಗೆರೆ ತುಳಿದದ್ದು ಅದೃಷ್ಟ ಇರಬಹುದು. ಆದರೆ ಕಿಕ್ ತಡೆಯುವುದು ಕಲಿತು ಬರುವ ಕೆಲಸ. ಇನ್ನು ಕೊನೆಯ ಎರಡು ನಿಮಿಷ ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಕೈಯಲ್ಲಿ ಚೆಂಡಿದ್ದರೆ ಎದುರಿನವರ ಎದೆ ಹೊಡೆದುಕೊಳ್ಳುವುದನ್ನು ನಾನೇ ಅನುಭವಿಸಿದ್ದೇನೆ.

ಒಂದು ಮಾತು ಸೇರಿಸಬೇಕು. ಚೀಫ್ಸ್‌ನ ಆ 59ರಲ್ಲಿ ಕೊನೆಯ ವಾರದ ಒಂದು ಸೋಲೂ ಇದೆ. ಮೊದಲ ಸ್ಥಾನ ಆಗಲೇ ಖಾತ್ರಿಯಾಗಿದ್ದರಿಂದ ಮುಖ್ಯ ಆಟಗಾರರನ್ನು ಕೂರಿಸಿ ಆಡಿದರು. 38-0 ಸೋತರು. ಅದನ್ನು ಬಿಟ್ಟರೆ ಅಂತರ 97. ಆ ಸೋಲು ಯಾರೆದುರು ಗೊತ್ತಾ? ಬ್ರಾಂಕೋಸ್ ಎದುರು. ಬೆಂಗಾಲ್ಸ್ ಪ್ಲೇಆಫ್ ಬಾಗಿಲು ಮುಚ್ಚಿದ್ದು ಅದೇ ಆಟ. ಚೀಫ್ಸ್ ಮಾಡಿದ್ದು ತಪ್ಪಲ್ಲ, ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಆದರೆ ಆ ಭಾನುವಾರ ಸಂಜೆ ನಮ್ಮ ಬೀದಿ ತುಂಬಾ ಸದ್ದಿಲ್ಲದೆ ಇತ್ತು.

ಲಯನ್ಸ್ ಕತೆ ಏನಾಯಿತು ಅಂದರೆ, ಜನವರಿ 18ರಂದು ಅವರದೇ ಮೈದಾನದಲ್ಲಿ ಮೊದಲ ಪ್ಲೇಆಫ್ ಆಟದಲ್ಲೇ ಕಮಾಂಡರ್ಸ್ ಎದುರು 45-31 ಸೋತರು. ಒಂದೇ ರಾತ್ರಿ ಐದು ಸಲ ಚೆಂಡನ್ನು ಎದುರಾಳಿಗೆ ಒಪ್ಪಿಸಿದರು. ಅವರನ್ನು ಸೋಲಿಸಿದ ಕಮಾಂಡರ್ಸ್ ಹಿಂದಿನ ವರ್ಷ 4-13 ಆಗಿದ್ದ ತಂಡ.

ಪ್ರಶ್ನೆ: 14 ಆಟ ಗೆದ್ದ ಮಿನ್ನೆಸೋಟ ವೈಕಿಂಗ್ಸ್‌ಗೆ ಪ್ಲೇಆಫ್‌ನಲ್ಲಿ ಐದನೇ ಸ್ಥಾನ ಯಾಕೆ ಕೊಟ್ಟರು?

ಉತ್ತರ: ಲೀಗನ್ನು ಎರಡು ಕಾನ್ಫರೆನ್ಸ್ ಆಗಿ, ಒಂದೊಂದನ್ನು ಡಿವಿಷನ್ ಎಂಬ ನಾಲ್ಕು ಗುಂಪುಗಳಾಗಿ ಹಂಚಿದ್ದಾರೆ. ಪ್ರತಿ ಕಾನ್ಫರೆನ್ಸ್‌ನಲ್ಲಿ ಮೊದಲ ನಾಲ್ಕು ಸ್ಥಾನ ನಾಲ್ಕು ಡಿವಿಷನ್ ಗೆದ್ದವರಿಗೆ ಮೀಸಲು. ವೈಕಿಂಗ್ಸ್ ಇದ್ದ ಡಿವಿಷನ್ನಿನಲ್ಲೇ ಲಯನ್ಸ್ ಕೂಡ ಇದ್ದರು. ಕೊನೆಯ ವಾರ ಇಬ್ಬರೂ 14-2 ಆಗಿ ಎದುರಾದರು. ಲಯನ್ಸ್ 31-9 ಗೆದ್ದರು. ಗೆದ್ದವರಿಗೆ ಮೊದಲ ಸ್ಥಾನ, ಸೋತವರಿಗೆ ಐದನೆಯದು. ಅಷ್ಟು ಗೆಲುವಿಟ್ಟುಕೊಂಡು ಡಿವಿಷನ್ ಸಿಗದೆ ವೈಲ್ಡ್ ಕಾರ್ಡ್‌ನಲ್ಲಿ ಒಳಗೆ ಬಂದ ತಂಡ ಅದಕ್ಕೂ ಮೊದಲು ಇರಲಿಲ್ಲ. ಮುಂದಿನ ಆಟದಲ್ಲಿ 10-7 ಆಗಿದ್ದ ರ‍್ಯಾಮ್ಸ್ ಎದುರು 27-9 ಸೋಲು. ಸೀಸನ್ ಪೂರ್ತಿ 35 ಟಚ್‌ಡೌನ್ ಎಸೆದಿದ್ದ ಸ್ಯಾಮ್ ಡಾರ್ನಾಲ್ಡ್ ಆವತ್ತು ಒಂಬತ್ತು ಸಲ ಸ್ಯಾಕ್ ಆದ.

ಪ್ರಶ್ನೆ: ಸೇಕ್ವಾನ್ ಬಾರ್ಕ್ಲಿ ನಲವತ್ತು ವರ್ಷದ ದಾಖಲೆ ಮುರಿಯುವ ಹೊಸ್ತಿಲಲ್ಲಿದ್ದಾಗ ಕೋಚ್ ಕೂರಿಸಿಬಿಟ್ಟರಂತೆ. ಅನ್ಯಾಯ ಅಲ್ವಾ?

ಉತ್ತರ: ಈ ವಿಷಯಕ್ಕೆ ನಮ್ಮ ಮನೆಯಲ್ಲೇ ಎರಡು ಪಕ್ಷ ಆಗಿತ್ತು. ನಾನು ಕೋಚ್ ಪರ.

ಎರಿಕ್ ಡಿಕರ್‌ಸನ್ 1984ರಲ್ಲಿ 2,105 ಯಾರ್ಡ್ ಓಡಿದ. ಒಂದು ಸೀಸನ್ನಿನಲ್ಲಿ ಚೆಂಡು ಹಿಡಿದು ಓಡಿದ ದಾಖಲೆ ಇವತ್ತಿಗೂ ಅದೇ. 2012ರಲ್ಲಿ ಏಡ್ರಿಯನ್ ಪೀಟರ್‌ಸನ್ 2,097ಕ್ಕೆ ನಿಂತ. ಎಂಟೇ ಯಾರ್ಡ್ ಕಡಿಮೆ. 2024ರಲ್ಲಿ ಈಗಲ್ಸ್‌ನ ಬಾರ್ಕ್ಲಿ 16 ಆಟಗಳಲ್ಲಿ 2,005 ಯಾರ್ಡ್ ತಲುಪಿದ. ಎರಡು ಸಾವಿರ ದಾಟಿದ ಒಂಬತ್ತನೆಯವನು. ಮೀಟರ್ ಲೆಕ್ಕದಲ್ಲಿ ಅದು 1,800 ಮೀಟರ್ ಚಿಲ್ಲರೆ. ಕೇಳಲು ಜಾಸ್ತಿ ಅನ್ನಿಸುವುದಿಲ್ಲ. ಆದರೆ ಪ್ರತಿ ಹೆಜ್ಜೆಗೂ ನೂರಾರು ಪೌಂಡ್ ತೂಕದ ಜನ ಮೈಮೇಲೆ ಬೀಳುತ್ತಿರುತ್ತಾರೆ. 345 ಸಲ ಚೆಂಡು ಹಿಡಿದು ಅವರ ನಡುವೆ ನುಗ್ಗಿದ.

ಉಳಿದಿದ್ದು ಒಂದು ಆಟ, ಬೇಕಿದ್ದುದು 101 ಯಾರ್ಡ್. ಎದುರಾಳಿ ನ್ಯೂಯಾರ್ಕ್ ಜೈಂಟ್ಸ್, ಅಂದರೆ ಹಿಂದಿನ ವರ್ಷದವರೆಗೆ ಅವನದೇ ತಂಡ. ಅಕ್ಟೋಬರ್‌ನಲ್ಲಿ ಅದೇ ಜೈಂಟ್ಸ್ ಎದುರು 176 ಯಾರ್ಡ್ ಓಡಿದ್ದ. ದಾಖಲೆ ಕೈಗೆಟಕುವಂತಿತ್ತು. ಆದರೆ ಈಗಲ್ಸ್‌ಗೆ ಎರಡನೇ ಸ್ಥಾನ ಆಗಲೇ ಗಟ್ಟಿಯಾಗಿತ್ತು. ಕೋಚ್ ನಿಕ್ ಸಿರಿಯಾನಿ ಅವನನ್ನು ಕೂರಿಸಿದರು.

ಇನ್ನೊಂದು ಮಾತು. ಡಿಕರ್‌ಸನ್ ಕಾಲದಲ್ಲಿ ಸೀಸನ್ನಿಗೆ 16 ಆಟ. ಈಗ 17. ಹದಿನೇಳನೆಯ ಆಟದಲ್ಲಿ ದಾಖಲೆ ಬಿದ್ದಿದ್ದರೆ ಪಕ್ಕದಲ್ಲಿ ಸದಾ ಒಂದು ನಕ್ಷತ್ರ ಗುರುತು ಇರುತ್ತಿತ್ತು. ಆಟದ ಲೆಕ್ಕಕ್ಕೆ ಬಂದರೆ ಒ.ಜೆ. ಸಿಂಪ್ಸನ್ 1973ರಲ್ಲಿ 14 ಆಟಕ್ಕೇ 2,003 ಓಡಿದ್ದ.

ಬಾರ್ಕ್ಲಿಯ ಅಂಕಿಯಲ್ಲಿ ನನಗೆ ಇಷ್ಟವಾದದ್ದು ಒಟ್ಟು ಮೊತ್ತವಲ್ಲ, ಅದು ಬಂದ ರೀತಿ. ನವೆಂಬರ್ 24ರಂದು ರ‍್ಯಾಮ್ಸ್ ಎದುರು 26 ಸಲ ಓಡಿ 255 ಯಾರ್ಡ್ ಮಾಡಿದ. ಅದರಲ್ಲಿ ಎರಡೇ ಓಟ 70 ಮತ್ತು 72 ಯಾರ್ಡಿನವು. ಆ ಎರಡನ್ನು ತೆಗೆದರೆ ಉಳಿದ 24 ಓಟಕ್ಕೆ 113. ಅಂದರೆ ಐದೂ ಇಲ್ಲ. ಗಂಟೆಗಟ್ಟಲೆ ಮೂರು ಯಾರ್ಡ್, ನಾಲ್ಕು ಯಾರ್ಡ್ ಎಂದು ಗೋಡೆಗೆ ಗುದ್ದುತ್ತಾನೆ. ಒಂದು ಸಲ ಗೋಡೆ ಬಿರುಕು ಬಿಟ್ಟರೆ ಮತ್ತೆ ಅವನ ಬೆನ್ನಷ್ಟೇ ಕಾಣುವುದು. ಪ್ಲೇಆಫ್‌ನಲ್ಲಿ ಅದೇ ರ‍್ಯಾಮ್ಸ್ ಎದುರು ಹಿಮ ಬೀಳುತ್ತಿದ್ದಾಗ 62 ಮತ್ತು 78 ಯಾರ್ಡ್ ಟಚ್‌ಡೌನ್. ಮುಂದಿನ ವಾರ ಕಮಾಂಡರ್ಸ್ ಎದುರು ತಂಡಕ್ಕೆ ಸಿಕ್ಕ ಮೊದಲ ಚೆಂಡಿಗೇ 60 ಯಾರ್ಡ್ ಟಚ್‌ಡೌನ್.

ಅನ್ಯಾಯ ಆಯಿತೇ ಎಂದು ಕೇಳಿದಿರಿ. ಪ್ಲೇಆಫ್ ಸೇರಿಸಿದರೆ ಅವನು ಆ ವರ್ಷ ಓಡಿದ್ದು 2,504 ಯಾರ್ಡ್. ಟೆರೆಲ್ ಡೇವಿಸ್ 1998ರಲ್ಲಿ ಮಾಡಿದ್ದ 2,476 ಯಾರ್ಡಿನ ದಾಖಲೆ ಮುರಿಯಿತು. ಫೆಬ್ರವರಿ 9ರಂದು, ತನ್ನ 28ನೇ ಹುಟ್ಟುಹಬ್ಬದ ದಿನವೇ, ಸೂಪರ್ ಬೌಲ್ ಗೆದ್ದ. ದಣಿದ ಕಾಲಿಗೆ ಒಂದು ವಾರ ವಿಶ್ರಾಂತಿ ಕೊಟ್ಟದ್ದು ವ್ಯರ್ಥವಾಗಲಿಲ್ಲ.

ಪ್ರಶ್ನೆ: ಜಾಶ್ ಆಲನ್ ಒಂದೂ ಕ್ಯಾಚ್ ಹಿಡಿಯದೆ ರಿಸೀವಿಂಗ್ ಟಚ್‌ಡೌನ್ ಮಾಡಿದನಂತೆ. ಅಚ್ಚಿನ ತಪ್ಪು ಇರಬೇಕು?

ಉತ್ತರ: ಅಚ್ಚಿನ ತಪ್ಪಲ್ಲ. ಆಲನ್ ಬಫಲೋ ಬಿಲ್ಸ್‌ನ ಕ್ವಾರ್ಟರ್‌ಬ್ಯಾಕ್, ಪಾಸ್ ಎಸೆಯುವವನು. ಡಿಸೆಂಬರ್ 1ರ ರಾತ್ರಿ, ಬಫಲೋ ಬಿಲ್ಸ್ ಮೈದಾನದಲ್ಲಿ ಬಿಳಿ ಹಿಮ. ಎದುರಾಳಿ ಸ್ಯಾನ್ ಫ್ರಾನ್ಸಿಸ್ಕೋ 49ರ್ಸ್. ಗೋಲಿಗೆ ಏಳು ಯಾರ್ಡ್ ದೂರದಿಂದ ಆಲನ್ ಚೆಂಡನ್ನು ಅಮಾರಿ ಕೂಪರ್‌ಗೆ ಎಸೆದ. ಕೂಪರ್ ಹಿಡಿದ, ಆದರೆ ಎದುರಿನವರು ಹಿಡಿದುಕೊಂಡರು. ಬೀಳುವ ಮೊದಲು ಓಡಿ ಬರುತ್ತಿದ್ದ ಆಲನ್‌ಗೇ ಚೆಂಡನ್ನು ವಾಪಸ್ ಎಸೆದ. ಆಲನ್ ಮೂಲೆಯ ಕಂಬದ ಕಡೆ ಹಾರಿ ಬಿದ್ದ. ಟಚ್‌ಡೌನ್.

ಈಗ ಲೆಕ್ಕ ಬರೆಯುವವರ ಕಷ್ಟ ನೋಡಿ. ಪಾಸ್ ಎಸೆದವನು ಆಲನ್, ಹಾಗಾಗಿ ಪಾಸಿಂಗ್ ಟಚ್‌ಡೌನ್ ಅವನಿಗೆ. ಕ್ಯಾಚ್ ಹಿಡಿದವನು ಕೂಪರ್, ಹಾಗಾಗಿ ಕ್ಯಾಚ್ ಕೂಪರ್‌ಗೆ. ಹಿಂದಕ್ಕೆ ಕೊಟ್ಟ ಚೆಂಡು ಕ್ಯಾಚ್ ಎನಿಸುವುದಿಲ್ಲ. ಆದರೆ ಆ ಪಾಸನ್ನು ಗೆರೆ ದಾಟಿಸಿದವನು ಮತ್ತೆ ಆಲನ್, ಹಾಗಾಗಿ ರಿಸೀವಿಂಗ್ ಟಚ್‌ಡೌನ್ ಕೂಡ ಅವನಿಗೇ. ಒಂದೇ ಚೆಂಡಿಗೆ ಎರಡು ಟಚ್‌ಡೌನ್ ಒಬ್ಬನ ಹೆಸರಲ್ಲಿ. ಆಮೇಲೆ ಓಡಿಯೂ ಒಂದು ಹೊಡೆದ.

ಮುಂದಿನ ವಾರ ರ‍್ಯಾಮ್ಸ್ ಎದುರು ಮೂರು ಟಚ್‌ಡೌನ್ ಎಸೆದು, ಮೂರು ಓಡಿ ಹೊಡೆದ. ಸೂಪರ್ ಬೌಲ್ ಯುಗದಲ್ಲಿ ಅದನ್ನು ಮೊದಲು ಮಾಡಿದವನು ಅವನೇ. ಆದರೆ ಆವತ್ತು ಬಿಲ್ಸ್ 44-42 ಸೋತರು. ಬಲಗಡೆ 44.

ಪ್ರಶ್ನೆ: ಲಮಾರ್ ಜಾಕ್ಸನ್ ಅಂಕಿಗಳು ಆಲನ್‌ಗಿಂತ ದೊಡ್ಡವು. ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿ ಆಲನ್‌ಗೆ ಯಾಕೆ?

ಉತ್ತರ: ರೇವನ್ಸ್‌ನ ಜಾಕ್ಸನ್ 41 ಟಚ್‌ಡೌನ್ ಎಸೆದು, ಎದುರಾಳಿ ಕೈಗೆ ಕೊಟ್ಟಿದ್ದು ನಾಲ್ಕೇ ಪಾಸ್. ಅವನು ಎಸೆದದ್ದು 474 ಸಲ. ನೂರಕ್ಕೆ ಒಂದೂ ತಪ್ಪಿಲ್ಲ. 4,172 ಯಾರ್ಡ್ ಎಸೆದ, ಜೊತೆಗೆ 915 ಓಡಿದ. ನಾಲ್ಕು ಸಾವಿರ ಎಸೆದು ಒಂಬೈನೂರು ಓಡಿದವರು ಅವನಿಗಿಂತ ಮೊದಲು ಯಾರೂ ಇರಲಿಲ್ಲ. ನನ್ನ ಮತ ಇದ್ದಿದ್ದರೆ ಜಾಕ್ಸನ್‌ಗೇ ಹೋಗುತ್ತಿತ್ತು, ಅವನು ನಮ್ಮನ್ನು ಎರಡು ಸಲ ಸೋಲಿಸಿದ್ದರೂ.

ಆದರೆ ಆಲನ್ ಪಕ್ಷದವರ ವಾದಕ್ಕೂ ಬೆಲೆ ಇದೆ. ಬಿಲ್ಸ್ ಇಡೀ ಸೀಸನ್ನಿನಲ್ಲಿ ಚೆಂಡು ಕಳೆದುಕೊಂಡಿದ್ದು ಎಂಟೇ ಸಲ. 2019ರ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಜೊತೆ ಸೇರಿ ಅತಿ ಕಡಿಮೆ. ಲಯನ್ಸ್ ಒಂದೇ ರಾತ್ರಿ ಐದು ಕಳೆದುಕೊಂಡದ್ದು ನೆನಪಿಸಿಕೊಳ್ಳಿ. ಬಿಲ್ಸ್ ಓಡಿಯೂ ಮೂವತ್ತು, ಎಸೆದೂ ಮೂವತ್ತು ಟಚ್‌ಡೌನ್ ಮುಟ್ಟಿದರು. ಅದು ಯಾವ ತಂಡಕ್ಕೂ ಆಗಿರಲಿಲ್ಲ. ಐವತ್ತು ಜನ ಮತ ಹಾಕಿದರು. 27 ಆಲನ್‌ಗೆ, 23 ಜಾಕ್ಸನ್‌ಗೆ.

ಪ್ರಶ್ನೆ: ಹೊಸಬರಲ್ಲಿ ನಿಮ್ಮನ್ನು ಬೆರಗಾಗಿಸಿದವರು ಯಾರು?

ಉತ್ತರ: ರೇಡರ್ಸ್‌ನ ಬ್ರಾಕ್ ಬವರ್ಸ್. ಟೈಟ್ ಎಂಡ್ ಜಾಗದವನು, ಅಂದರೆ ಅರ್ಧ ಹೊತ್ತು ಎದುರಿನವರನ್ನು ತಡೆಯುವುದೇ ಕೆಲಸ. ಆದರೂ 112 ಕ್ಯಾಚ್ ಹಿಡಿದ. ಮೊದಲ ವರ್ಷದ ಯಾವ ಆಟಗಾರನೂ ಅಷ್ಟು ಹಿಡಿದಿರಲಿಲ್ಲ. 1,194 ಯಾರ್ಡ್ ಮಾಡಿ, ಮೊದಲ ವರ್ಷದ ಟೈಟ್ ಎಂಡ್‌ಗಳಲ್ಲಿ ಮೈಕ್ ಡಿಟ್ಕಾ 1961ರಲ್ಲಿ ಮಾಡಿದ್ದ 1,076ರ ದಾಖಲೆ ದಾಟಿದ. ತಂಡ ಮಾತ್ರ 4-13.

ಚಿಕಾಗೊ ಬೇರ್ಸ್‌ನ ಕೇಲಬ್ ವಿಲಿಯಮ್ಸ್ ಬಗ್ಗೆಯೂ ಹೇಳಬೇಕು. ಒಂದೇ ಸೀಸನ್ನಿನಲ್ಲಿ 68 ಸಲ ಅವನನ್ನು ಸ್ಯಾಕ್ ಮಾಡಿದರು. ಆಟಕ್ಕೆ ನಾಲ್ಕು ಸಲ ಕೆಡವಿಸಿಕೊಂಡು, ಮತ್ತೆ ಎದ್ದು, ಹದಿನೇಳೂ ಆಟ ಆಡಿದ. ಸ್ಯಾಕ್ ಆಗುವುದರಲ್ಲಿ ದಾಖಲೆ 2002ರ ಡೇವಿಡ್ ಕಾರ್‌ನದು, 76. ಅವನದೂ ಅದು ಮೊದಲ ವರ್ಷವೇ. ಇಪ್ಪತ್ತೆರಡರ ಹುಡುಗನ ಮೈ ಅದನ್ನು ತಡೆದುಕೊಂಡಿತು ಎನ್ನುವುದೇ ನನಗೆ ಆಶ್ಚರ್ಯ.

ಪ್ರಶ್ನೆ: ಡಿಸೆಂಬರ್‌ನ ಒಂದು ಆಟದಲ್ಲಿ ಸಮಯ ಮುಗಿದ ಮೇಲೂ ಒಬ್ಬ ಬಂದು, ಎದುರು ಯಾರೂ ನುಗ್ಗದೆ, ಆರಾಮಾಗಿ ಕಿಕ್ ಒದ್ದು ಮೂರು ಪಾಯಿಂಟ್ ತಗೊಂಡ. ಅದೇನು ನಿಯಮ?

ಉತ್ತರ: ನೀವು ನೋಡಿದ್ದು 48 ವರ್ಷಕ್ಕೊಮ್ಮೆ ಬಂದ ಗಳಿಗೆ. ಅದನ್ನು ಫೇರ್ ಕ್ಯಾಚ್ ಕಿಕ್ ಅನ್ನುತ್ತಾರೆ.

ಎದುರಾಳಿ ಒದ್ದ ಚೆಂಡನ್ನು ಕೈ ಎತ್ತಿ ತೋರಿಸಿ ಹಿಡಿದರೆ ಅದು ಫೇರ್ ಕ್ಯಾಚ್. ಹಿಡಿದ ಜಾಗದಿಂದಲೇ ಗೋಲಿಗೆ ಒದೆಯುವ ಹಕ್ಕು ಆ ತಂಡಕ್ಕಿದೆ. ಎದುರಿನವರು ಹತ್ತು ಯಾರ್ಡ್ ದೂರ ನಿಲ್ಲಬೇಕು. ನಿಯಮ ಹಳೆಯದು, ಆದರೆ ಸಾಮಾನ್ಯವಾಗಿ ದೂರ ಜಾಸ್ತಿ ಇರುತ್ತದೆ. ಯಾರೂ ಅದರ ಗೋಜಿಗೆ ಹೋಗುವುದಿಲ್ಲ.

ಡಿಸೆಂಬರ್ 19ರಂದು ಚಾರ್ಜರ್ಸ್, ಬ್ರಾಂಕೋಸ್ ಎದುರು 21-10 ಹಿಂದಿದ್ದರು. ಮೊದಲರ್ಧದ ಕೊನೆಯ ಕ್ಷಣದಲ್ಲಿ ಚೆಂಡು ಹಿಡಿಯಲು ಹೋದವನಿಗೆ ಬ್ರಾಂಕೋಸ್ ಆಟಗಾರ ಅಡ್ಡ ಬಂದ. ದಂಡವಾಗಿ 15 ಯಾರ್ಡ್ ಸಿಕ್ಕಿತು. ಗಡಿಯಾರ ಸೊನ್ನೆ. ಆದರೂ ಒದೆಯುವ ಹಕ್ಕು ಉಳಿದಿತ್ತು. ಕ್ಯಾಮರನ್ ಡಿಕರ್ 57 ಯಾರ್ಡ್‌ನಿಂದ ಒದ್ದ, ಒಳಗೆ ಹೋಯಿತು. ಹಿಂದೆ ಹೀಗೆ ಗೋಲು ಆಗಿದ್ದು 1976ರಲ್ಲಿ, ರೇ ವೆರ್ಶಿಂಗ್ ಒದ್ದಾಗ. ಅವನೂ ಚಾರ್ಜರ್ಸ್ ಆಟಗಾರನೇ! ಆ ಮೂರು ಪಾಯಿಂಟಿನಿಂದ ಎದ್ದುಕೊಂಡ ಚಾರ್ಜರ್ಸ್ ಆಟವನ್ನು 34-27 ಗೆದ್ದರು. ನವೆಂಬರ್‌ನಲ್ಲಿ ಬೆಂಗಾಲ್ಸ್‌ನ ಸೋಲಿಸಿದ್ದೂ ಇದೇ 34-27ಕ್ಕೆ.

ಪ್ರಶ್ನೆ: ಹತ್ತಿರದ ಆಟ ಸೋಲದ ಚೀಫ್ಸ್ ಸೂಪರ್ ಬೌಲ್‌ನಲ್ಲಿ 40-22 ಸೋತದ್ದು ಹೇಗೆ? ಬಾರ್ಕ್ಲಿಯೇ ಓಡಿ ಮುಗಿಸಿದನೇ?

ಉತ್ತರ: ಇಲ್ಲ. ಬಾರ್ಕ್ಲಿ 25 ಸಲ ಓಡಿ 57 ಯಾರ್ಡ್ ಅಷ್ಟೇ. ಅವನನ್ನು ಕಟ್ಟಿಹಾಕುವ ಕೆಲಸ ಚೀಫ್ಸ್ ಚೆನ್ನಾಗಿಯೇ ಮಾಡಿದರು. ಆದರೆ ಅವರು ಗೆಲ್ಲುತ್ತಿದ್ದುದು ಹತ್ತಿರದ ಆಟ. ಈಗಲ್ಸ್ ಹತ್ತಿರ ಬರಲು ಬಿಡಲೇ ಇಲ್ಲ.

ಮೊದಲರ್ಧದಲ್ಲಿ ಚೀಫ್ಸ್ ಒಟ್ಟು ಮಾಡಿದ್ದು 23 ಯಾರ್ಡ್. ಸ್ಕೋರು 24-0. ಮಹೋಮ್ಸ್ ಆರು ಸಲ ಸ್ಯಾಕ್ ಆದ. ಸಾಮಾನ್ಯವಾಗಿ ಅಷ್ಟು ಸಲ ಕೆಡವಬೇಕೆಂದರೆ ಹಿಂದಿನಿಂದ ಜಾಸ್ತಿ ಜನರನ್ನು ನುಗ್ಗಿಸಬೇಕು. ಅದನ್ನು ಬ್ಲಿಟ್ಜ್ ಅನ್ನುತ್ತಾರೆ. ಹಾಗೆ ನುಗ್ಗಿಸಿದರೆ ಹಿಂದೆ ಜಾಗ ಖಾಲಿಯಾಗುತ್ತದೆ, ಮಹೋಮ್ಸ್‌ಗೆ ಬೇಕಾದದ್ದೂ ಅದೇ. ಈಗಲ್ಸ್ ಆವತ್ತು ಒಂದೇ ಒಂದು ಸಲವೂ ಬ್ಲಿಟ್ಜ್ ಮಾಡಲಿಲ್ಲ. ಮುಂದಿನ ನಾಲ್ಕು ಜನರೇ ಸಾಕಾದರು. ಉಳಿದ ಏಳು ಜನ ಹಿಂದೆ ನಿಂತು ಪಾಸ್ ಕಾಯ್ದರು. ಕೂಪರ್ ಡಿಜೀನ್ ಒಂದು ಪಾಸ್ ಕಸಿದು ನೇರ ಟಚ್‌ಡೌನ್‌ಗೆ ಓಡಿದ. ಅವನಿಗೆ ಆವತ್ತು 22 ತುಂಬಿತ್ತು. ಬಾರ್ಕ್ಲಿ ಹುಟ್ಟಿದ ದಿನಾಂಕವೇ ಅವನದೂ.

ಪ್ರಶ್ನೆ: ಆ ವರ್ಷ ಅಂಕಿಗೆ ತಕ್ಕ ಫಲ ಸಿಗದವರು ಯಾರು ಎಂದು ಕೇಳಿದರೆ ಯಾರ ಹೆಸರು ಹೇಳುತ್ತೀರಿ?

ಉತ್ತರ: ಬರೋ ಎಂದು ಹೇಳುತ್ತೇನೆ ಅಂದುಕೊಂಡಿರಬಹುದು. ನಾನು ಹೆಂಡ್ರಿಕ್ಸನ್ ಹೆಸರು ಹೇಳುತ್ತೇನೆ. ಬರೋ, ಚೇಸ್ ಒಬ್ಬರಿಗೊಬ್ಬರು ಇದ್ದರು. ಇವನು ಡಿಫೆನ್ಸ್‌ನಲ್ಲಿ ಒಂಟಿ. ಅವನು ಅಂಚಿನಿಂದ ಸುತ್ತಿ ಬರುವುದನ್ನು ಒಮ್ಮೆ ಗಮನಿಸಿ ನೋಡಿ. ಎದುರಿನವನ ಕೈಗಳನ್ನು ಒಂದೇ ಏಟಿಗೆ ಪಕ್ಕಕ್ಕೆ ಹೊಡೆಯುತ್ತಾನೆ, ಭುಜ ಬಗ್ಗಿಸಿ ಕೆಳಗಿನಿಂದ ತೂರುತ್ತಾನೆ. ತಡೆಯಲು ಇಬ್ಬರು ಬಂದರೂ ನಿಲ್ಲುವುದಿಲ್ಲ.

ವರ್ಷದ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿಯಲ್ಲಿ ಎರಡನೆಯವನಾದ. ಅದು ಬ್ರಾಂಕೋಸ್‌ನ ಪ್ಯಾಟ್ರಿಕ್ ಸರ್ಟನ್‌ಗೆ ಹೋಯಿತು. ಹೌದು, ಮತ್ತೆ ಬ್ರಾಂಕೋಸ್.

ನೋಟ್‌ಬುಕ್ ತಿರುವಿ 2023ರ ಪುಟ ನೋಡಿದೆ. ಹೆಂಡ್ರಿಕ್ಸನ್ 17.5 ಸ್ಯಾಕ್, ತಂಡ 9-8, ಪ್ಲೇಆಫ್ ಇಲ್ಲ. 2024ರ ಪುಟ ತೆಗೆದೆ. ಹೆಂಡ್ರಿಕ್ಸನ್ 17.5 ಸ್ಯಾಕ್, ತಂಡ 9-8, ಪ್ಲೇಆಫ್ ಇಲ್ಲ.